ಸ್ವಂತ ಸರ್ವರೋ, ಕ್ಲೌಡೋ: ಸಣ್ಣ ಮತ್ತು ಮಧ್ಯಮ ಉದ್ಯಮಗಳು ನಿರ್ಧರಿಸುವ ಬಗೆ

ಎಲ್ಲರ ಫೈಲ್ ಮತ್ತು ತಂತ್ರಾಂಶಗಳನ್ನು ಒಂದೆಡೆ ಹೊತ್ತ ಕಚೇರಿಯ ಮುಖ್ಯ ಕಂಪ್ಯೂಟರ್‌ಗೆ, ಅಂದರೆ ಸರ್ವರ್‌ಗೆ, ಐದಾರು ವರ್ಷ ತುಂಬುವ ಹೊತ್ತಿಗೆ ಮಾಲೀಕರ ಮೇಜಿನ ಮೇಲೆ ಸಾಮಾನ್ಯವಾಗಿ ಎರಡು ಕೊಟೇಶನ್‌ಗಳು ಬಂದಿರುತ್ತವೆ. ಒಂದು ಹಳೆಯ ಸರ್ವರ್ ತೆಗೆದು ಹೊಸದನ್ನು ಕೂರಿಸಿಕೊಡುವ ಹಾರ್ಡ್‌ವೇರ್ ಡೀಲರ್‌ದು. ಇನ್ನೊಂದು ಎಲ್ಲವನ್ನೂ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಬೇರೆಯವರ ಸರ್ವರ್‌ಗಳಿಗೆ, ಸಾಗಿಸಿಕೊಡುತ್ತೇವೆ ಎನ್ನುವ ಕಂಪನಿಯದು. ಮೊದಲನೆಯದರಲ್ಲಿ ಒಮ್ಮೆಗೇ ಕಟ್ಟಬೇಕಾದ ದೊಡ್ಡ ಮೊತ್ತ ಇರುತ್ತದೆ, ಎರಡನೆಯದರಲ್ಲಿ ತಿಂಗಳಿಗಿಷ್ಟು ಎಂಬ ಸಣ್ಣ ಮೊತ್ತ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮಾತ್ರಕ್ಕೆ ಯಾವುದು ಅಗ್ಗ ಎಂಬುದೂ ತಿಳಿಯುವುದಿಲ್ಲ, ಯಾವುದು ಒಳ್ಳೆಯದು ಎಂಬುದೂ ತಿಳಿಯುವುದಿಲ್ಲ. ಹಾಗೆಂದು ಕೆಲವರಿಗೆ ನಿರ್ಧಾರವನ್ನು ಮುಂದೂಡುವ ಅವಕಾಶವೂ ಇಲ್ಲ. ವಿಂಡೋಸ್ ಸರ್ವರ್ 2012 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. 2016ರ ಆವೃತ್ತಿಗೆ ಅದು 2027ರ ಜನವರಿ 12ಕ್ಕೆ ಮುಗಿಯುತ್ತದೆ. ಭದ್ರತಾ ಅಪ್‌ಡೇಟ್ ಬಾರದ ಸರ್ವರ್‌ನಲ್ಲಿ ಲೆಕ್ಕಪತ್ರ ಇಟ್ಟುಕೊಂಡು ಕೂರುವುದು ಯಾವ ಉದ್ಯಮಕ್ಕೂ ಕ್ಷೇಮವಲ್ಲ.

ಈ ವಿಷಯದಲ್ಲಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ಉದ್ಯಮಕ್ಕೆ ಒಂದೇ ಉತ್ತರ ಹುಡುಕಲು ಹೊರಟರೆ ತಪ್ಪು ಉತ್ತರವೇ ಸಿಗುವ ಸಂಭವ ಹೆಚ್ಚು. ಲೆಕ್ಕಪತ್ರಕ್ಕೆ ಒಂದು ಉತ್ತರ, ಡ್ರಾಯಿಂಗ್ ಫೈಲ್‌ಗಳಿಗೆ ಇನ್ನೊಂದು, ಶಾಪ್ ಫ್ಲೋರ್‌ನ, ಅಂದರೆ ಉತ್ಪಾದನೆ ನಡೆಯುವ ಜಾಗದ, ಯಂತ್ರಗಳಿಗೆ ಮತ್ತೊಂದು ಇರಬಹುದು. ಆದ್ದರಿಂದ ಒಂದೊಂದು ಕೆಲಸವನ್ನೂ ಬೇರೆಯಾಗಿ ಎತ್ತಿಕೊಂಡು, ಅದು ಎಲ್ಲಿದ್ದರೆ ಚೆನ್ನಾಗಿ ನಡೆಯುತ್ತದೆ, ನಿಂತರೆ ಏನಾಗುತ್ತದೆ, ನಿಂತಾಗ ಅದನ್ನು ಎಬ್ಬಿಸುವವರು ಯಾರು ಎಂದು ಕೇಳುತ್ತಾ ಹೋಗಬೇಕು.

ಮಾತು ಹಿಡಿತ ತಪ್ಪದಿರಲು ಒಂದು ಮಾದರಿ ಉದ್ಯಮವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ಕಂಪ್ಯೂಟರ್ ಬಳಸುವವರು ಮೂವತ್ತು ಮಂದಿ, ಅವರಲ್ಲಿ ಹತ್ತು ಮಂದಿ ಡಿಸೈನ್ ವಿಭಾಗದವರು. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಸ್ಟೋರ್ಸ್ ಮತ್ತು ಖರೀದಿಗೆ ಇಆರ್‌ಪಿ ಎಂಬ ಒಂದು ಸಣ್ಣ ನಿರ್ವಹಣಾ ತಂತ್ರಾಂಶ ಇದೆ, ಡ್ರಾಯಿಂಗ್‌ಗಳು ಒಟ್ಟು 2 ಟಿಬಿ ಇವೆ, ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಂತೆ ನಡೆಯುವ, ಯಂತ್ರಗಳಿಗೆ ಪ್ರೋಗ್ರಾಂ ಕಳಿಸುವ ಒಂದು ಕಂಪ್ಯೂಟರ್ ಶಾಪ್ ಫ್ಲೋರ್‌ನಲ್ಲೇ ಇದೆ. ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಪೂರ್ಣಾವಧಿಯ ಸಿಸ್ಟಂ ಅಡ್ಮಿನ್ ಇಲ್ಲ. ಎಎಂಸಿಯ (ವಾರ್ಷಿಕ ನಿರ್ವಹಣಾ ಗುತ್ತಿಗೆಯ) ಹುಡುಗ ಕರೆದಾಗ ಬರುತ್ತಾನೆ.

ಪಟ್ಟಿಯಿಂದ ಆರಂಭಿಸಿ

ಮೊದಲ ಕೆಲಸವೆಂದರೆ ಒಂದು ಹಾಳೆ ಹಿಡಿದು ಕಚೇರಿ ಸುತ್ತುವುದು. ಸರ್ವರ್ ಕೋಣೆಯಲ್ಲಿ ಇರುವುದಷ್ಟೇ ಸರ್ವರ್‌ನ ಕೆಲಸ ಎಂದು ತಿಳಿಯಬಾರದು. ಗೇಟ್ ಬಳಿಯ ಹಾಜರಾತಿ ಯಂತ್ರದ ಸಾಫ್ಟ್‌ವೇರ್ ಯಾರೋ ಒಬ್ಬರ ಡೆಸ್ಕ್‌ಟಾಪ್‌ನಲ್ಲಿ ಓಡುತ್ತಿರುತ್ತದೆ. ಬೆಲೆ ಲೆಕ್ಕ ಹಾಕುವ ಎಕ್ಸೆಲ್ ಫೈಲ್ ಮಾರಾಟ ವಿಭಾಗದ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುತ್ತದೆ. ಹತ್ತು ವರ್ಷ ಹಿಂದಿನ ಕೋಟಿಂಗ್ ವರದಿಗಳು ಹೊರಗಿನ ಹಾರ್ಡ್‌ಡಿಸ್ಕ್ ಒಂದರಲ್ಲಿ ಬೀರುವಿನೊಳಗೆ ಇರುತ್ತವೆ. ಇವೆಲ್ಲ ಪಟ್ಟಿಗೆ ಬರಬೇಕು. ಪ್ರತಿಯೊಂದರ ಎದುರು ಯಾರು ಬಳಸುತ್ತಾರೆ, ಕಚೇರಿಯಿಂದ ಮಾತ್ರವೋ ಮನೆಯಿಂದಲೂ ಬಳಸುತ್ತಾರೋ, ಎಷ್ಟು ಜಿಬಿ ಇದೆ, ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ತಯಾರಕರ ಬೆಂಬಲ ಇನ್ನೂ ಇದೆಯೇ ಎಂದು ಬರೆಯಿರಿ. ಲೈಸೆನ್ಸ್ ಕಾಗದವನ್ನೂ ಇದೇ ಹೊತ್ತಿನಲ್ಲಿ ತೆಗೆದು ಓದಿ. ಕೆಲವು ಲೈಸೆನ್ಸ್‌ಗಳು ಒಂದು ನಿರ್ದಿಷ್ಟ ಯಂತ್ರಕ್ಕೆ ಅಂಟಿಕೊಂಡಿರುತ್ತವೆ, ಕೆಲವಕ್ಕೆ ಕಂಪ್ಯೂಟರ್‌ಗೆ ಸಿಕ್ಕಿಸುವ ಕೀಲಿಯಂಥ ಯುಎಸ್‌ಬಿ ಡಾಂಗಲ್ ಬೇಕು. ಅಂಥವನ್ನು ಕ್ಲೌಡ್‌ಗೆ ಒಯ್ಯುವ ಮುನ್ನ ಮಾರಿದವರನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳಿ. ಇದು ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಕೆಲಸ ಅಳಿಸಿಹೋದರೆ ಮತ್ತೆ ಕೂತು ಮಾಡಿಕೊಳ್ಳಬಹುದು? ಈ ಉತ್ತರಗಳನ್ನು ಮಾಲೀಕರೊಬ್ಬರೇ ಕೂತು ಬರೆಯಬಾರದು, ಆ ಕೆಲಸ ಮಾಡುವವರನ್ನು ಕೇಳಬೇಕು. ಲೆಕ್ಕ ವಿಭಾಗದವರು, ತಿಂಗಳ 5ರಂದು ಟ್ಯಾಲಿ ಅರ್ಧ ದಿನ ನಿಂತರೆ ಪರವಾಗಿಲ್ಲ, ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸಬೇಕಾದ 11ನೇ ತಾರೀಕಿನ ಹಿಂದಿನ ದಿನ ಅಥವಾ 3ಬಿ ಸಲ್ಲಿಸಬೇಕಾದ 20ನೇ ತಾರೀಕಿನಂದು ಒಂದು ಗಂಟೆ ನಿಂತರೂ ಕಷ್ಟ ಎನ್ನುತ್ತಾರೆ. ಶಾಪ್ ಫ್ಲೋರ್‌ನ ಮೇಲ್ವಿಚಾರಕರು ರಾತ್ರಿ ಪಾಳಿಯಲ್ಲಿ ಪ್ರೋಗ್ರಾಂ ಸಿಗದಿದ್ದರೆ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ ಎನ್ನುತ್ತಾರೆ. ಇಂಥ ಮಾತುಗಳಿಂದಲೇ ನಿರ್ಧಾರ ಹುಟ್ಟಬೇಕು.

ಕ್ಲೌಡ್ ಕಂಪನಿಗಳು ಒಪ್ಪಂದದಲ್ಲಿ ಕಾಣಿಸುವ ಲಭ್ಯತೆಯ ಪ್ರತಿಶತವನ್ನೂ ಇದೇ ಕಣ್ಣಿನಿಂದ ಓದಬೇಕು. 99.9 ಪ್ರತಿಶತ ಎಂದರೆ ವರ್ಷಕ್ಕೆ ಸುಮಾರು 8 ಮುಕ್ಕಾಲು ಗಂಟೆ ನಿಲುಗಡೆಗೆ ಅವಕಾಶ ಇದೆ ಎಂದರ್ಥ, 99.5 ಎಂದರೆ ಸುಮಾರು 44 ಗಂಟೆ. ಆ ಮಿತಿ ಮೀರಿದರೆ ನಿಮಗೆ ಸಿಗುವುದು ಮುಂದಿನ ಬಿಲ್‌ನಲ್ಲಿ ಒಂದಿಷ್ಟು ಜಮೆ ಮಾತ್ರ. ನಿಂತ ಉತ್ಪಾದನೆಗೆ ಯಾರೂ ಪರಿಹಾರ ಕೊಡುವುದಿಲ್ಲ. ಸ್ವಂತ ಸರ್ವರ್‌ಗೆ ಅಂಥ ಕಾಗದವೇ ಇರುವುದಿಲ್ಲ. ಮದರ್‌ಬೋರ್ಡ್ ಕೆಟ್ಟರೆ ಬದಲಿ ಭಾಗ ಬರಲು ಎಷ್ಟು ದಿನ ಎಂಬುದು ನೀವು ಕೊಂಡ ವಾರಂಟಿಯನ್ನು ಅವಲಂಬಿಸಿದೆ. ಮರುದಿನ ಬಂದು ಸರಿಪಡಿಸುವ ವಾರಂಟಿಗೂ ನಾಲ್ಕು ಗಂಟೆಯೊಳಗೆ ಬರುವ ವಾರಂಟಿಗೂ ಬೆಲೆಯಲ್ಲಿ ದೊಡ್ಡ ಅಂತರ ಇರುತ್ತದೆ, ಡೀಲರ್‌ಗಳು ಕೊಟೇಶನ್ ಕಡಿಮೆ ಕಾಣಲೆಂದು ಅಗ್ಗದ್ದನ್ನೇ ಹಾಕಿರುವುದುಂಟು.

ದೂರ ಮತ್ತು ದಾರಿ

ನಿರ್ಧಾರಗಳು ಎಡವುವುದು ಹೆಚ್ಚಾಗಿ ಈ ಭಾಗದಲ್ಲಿ, ಹೀಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗೋಣ.

ನಮ್ಮ ಮಾದರಿ ಕಂಪನಿಯ ಡಿಸೈನರ್ 300 ಎಂಬಿಯ ಒಂದು ಅಸೆಂಬ್ಲಿ ಫೈಲ್ ತೆರೆಯುತ್ತಾರೆ ಎಂದುಕೊಳ್ಳಿ. ಕಚೇರಿಯೊಳಗಿನ ಒಂದು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಅದು ಮೂರು ಸೆಕೆಂಡಿಗೆ ಬಂದುಬಿಡುತ್ತದೆ. ಅದೇ ಫೈಲ್ ಕ್ಲೌಡ್‌ನಲ್ಲಿದ್ದು ಇಂಟರ್ನೆಟ್ 100 ಎಂಬಿಪಿಎಸ್ ಇದ್ದರೆ, ಇಡೀ ಸಂಪರ್ಕ ಅವರೊಬ್ಬರಿಗೇ ಸಿಕ್ಕರೂ 24 ಸೆಕೆಂಡ್ ಹಿಡಿಯುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಹತ್ತು ಮಂದಿಯೂ ಒಟ್ಟಿಗೆ ತೆರೆದರೆ ನಾಲ್ಕು ನಿಮಿಷ. ಉಳಿಸುವಾಗ ಮತ್ತೆ ಅದೇ ಕಾಯುವಿಕೆ. ಇದನ್ನು ಯಾವ ಕ್ಲೌಡ್ ಕಂಪನಿಯೂ ಸರಿಪಡಿಸಲಾರದು, ಏಕೆಂದರೆ ತಡೆ ಇರುವುದು ನಿಮ್ಮ ಕಟ್ಟಡಕ್ಕೆ ಬರುವ ತಂತಿಯಲ್ಲಿ. ದೊಡ್ಡ ಫೈಲ್‌ಗಳನ್ನು ದಿನವಿಡೀ ತೆರೆದು ಮುಚ್ಚುವ ಕೆಲಸ ಕಚೇರಿಯೊಳಗಿನ ಸರ್ವರ್ ಅಥವಾ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸಿದ ಫೈಲ್ ಸಂಗ್ರಹ) ಪೆಟ್ಟಿಗೆಯಲ್ಲೇ ಇರಲಿ ಎಂದು ನಾನು ಹೇಳುವುದು ಈ ಲೆಕ್ಕದಿಂದ.

ಟ್ಯಾಲಿಯಂಥ ತಂತ್ರಾಂಶದ್ದು ಬೇರೆಯದೇ ಸಮಸ್ಯೆ. ಅದರ ಫೈಲ್‌ಗಳು ದೊಡ್ಡವಲ್ಲ, ಆದರೆ ಒಂದು ವೋಚರ್ ದಾಖಲಿಸುವಾಗ ತಂತ್ರಾಂಶವು ಡೇಟಾ ಫೋಲ್ಡರ್ ಜೊತೆ ಮತ್ತೆ ಮತ್ತೆ ಸಣ್ಣ ಸಣ್ಣ ಮಾತುಕತೆ ನಡೆಸುತ್ತದೆ. ಕಚೇರಿಯೊಳಗೆ ಅಂಥ ಒಂದು ಸುತ್ತಿಗೆ ಒಂದು ಮಿಲಿಸೆಕೆಂಡೂ ಬೇಡ. ಬೆಂಗಳೂರಿನಿಂದ, ಕ್ಲೌಡ್ ಯಂತ್ರಗಳಿರುವ ಮುಂಬೈನ ಡೇಟಾ ಸೆಂಟರ್‌ಗೆ ಹೋಗಿ ಬರಲು ಹತ್ತಾರು ಮಿಲಿಸೆಕೆಂಡ್ ಬೇಕು. ಸುತ್ತುಗಳು ನೂರಾರು ಆದಾಗ ಪರದೆ ತೆವಳುತ್ತದೆ. ಹೀಗಾಗಿ ಟ್ಯಾಲಿಯನ್ನು ಕಚೇರಿಯ ಕಂಪ್ಯೂಟರ್‌ನಲ್ಲಿ ಉಳಿಸಿ ಡೇಟಾವನ್ನು ಮಾತ್ರ ಕ್ಲೌಡ್‌ಗೆ ಕಳಿಸುವ ಏರ್ಪಾಡಿಗೆ ಒಪ್ಪಬೇಡಿ. ತಂತ್ರಾಂಶವೂ ಡೇಟಾವೂ ಒಂದೇ ಕ್ಲೌಡ್ ಯಂತ್ರದಲ್ಲಿ ಇರಬೇಕು, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರದೆ ಮಾತ್ರ ನಿಮ್ಮ ಮೇಜಿಗೆ ಬರಬೇಕು. ಹಾಗೆ ಮಾಡಿದರೆ ಸಾಧಾರಣ ಬ್ರಾಡ್‌ಬ್ಯಾಂಡ್‌ನಲ್ಲೂ ಕೆಲಸ ಸಲೀಸಾಗಿ ನಡೆಯುತ್ತದೆ.

ಆದರೆ ಪರದೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇನ್‌ವಾಯ್ಸ್ ಮುದ್ರಿಸಬೇಕಾದದ್ದು ಡಿಸ್ಪ್ಯಾಚ್ ಕೌಂಟರ್‌ನ ಪ್ರಿಂಟರ್‌ನಲ್ಲಿ. ಆಜ್ಞೆ ಹೊರಡುವುದು ಮುಂಬೈನಿಂದ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಆದರೆ ಅಕ್ಷರಗಳ ಜೋಡಣೆ ಕೆಡುವುದುಂಟು. ನಿರ್ದೇಶಕರ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಕಚೇರಿಯ ಕಂಪ್ಯೂಟರ್‌ಗೆ ಸಿಕ್ಕಿಸಿರುತ್ತದೆ, ಅದು ಕ್ಲೌಡ್ ಯಂತ್ರಕ್ಕೆ ತಾನಾಗಿ ಕಾಣಿಸುವುದಿಲ್ಲ. ಬಾರ್‌ಕೋಡ್ ಸ್ಕ್ಯಾನರ್, ತೂಕದ ಯಂತ್ರ, ಹಾಜರಾತಿ ಯಂತ್ರ ಎಲ್ಲಕ್ಕೂ ಇದೇ ಮಾತು. ಸೇವಾದಾರರು ಡೆಮೋ ತೋರಿಸಲು ಬಂದಾಗ ಅವರ ಲ್ಯಾಪ್‌ಟಾಪ್‌ನಲ್ಲಿ ನೋಡಿ ತಲೆದೂಗದೆ, ನಿಮ್ಮ ಡಿಸ್ಪ್ಯಾಚ್ ಕೌಂಟರ್‌ನಲ್ಲಿ ನಿಮ್ಮ ಪ್ರಿಂಟರ್‌ನಿಂದಲೇ ಒಂದು ಇನ್‌ವಾಯ್ಸ್ ತೆಗೆಸಿ ನೋಡಿ.

ಇಂಟರ್ನೆಟ್ ಹೋದರೆ ಕೆಲಸವೆಲ್ಲ ನಿಲ್ಲುತ್ತದಲ್ಲ ಎಂಬ ಭಯ ಸಹಜ. ಆದರೆ ವಾರ್ಷಿಕ ವಹಿವಾಟು 5 ಕೋಟಿ ಮೀರಿದ ಉದ್ಯಮಗಳಿಗೆ 2023ರ ಆಗಸ್ಟ್ 1ರಿಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ, ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಪಡೆಯುವ ಇ-ವೇ ಬಿಲ್ ಅಂತೂ ಮೊದಲಿನಿಂದಲೇ ಇದೆ. ಇಂಟರ್ನೆಟ್ ಇಲ್ಲದಿದ್ದರೆ ಲಾರಿ ಗೇಟ್ ದಾಟುವುದಿಲ್ಲ, ಸರ್ವರ್ ಎಲ್ಲೇ ಇರಲಿ. ಅಂದರೆ ಬಿಲ್ಲಿಂಗ್ ಈಗಾಗಲೇ ಇಂಟರ್ನೆಟ್‌ಗೆ ಕಟ್ಟುಬಿದ್ದಿದೆ, ಅದನ್ನು ಕ್ಲೌಡ್‌ಗೆ ಒಯ್ದರೆ ಹೊಸ ಅಪಾಯ ಹೆಚ್ಚೇನೂ ಸೇರುವುದಿಲ್ಲ. ಸಿಎನ್‌ಸಿ ಪ್ರೋಗ್ರಾಂ ಕಳಿಸುವ ಕಂಪ್ಯೂಟರ್‌ನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅದಕ್ಕೆ ಇಂದು ಇಂಟರ್ನೆಟ್ ಬೇಕಾಗಿಯೇ ಇಲ್ಲ, ಅದನ್ನು ಕ್ಲೌಡ್‌ಗೆ ಒಯ್ಯುವುದೆಂದರೆ ಇಲ್ಲದ ತೊಂದರೆಯನ್ನು ಕೈಯಾರೆ ತಂದುಕೊಂಡಂತೆ.

ಕ್ಲೌಡ್ ಕಡೆಗೆ ಏನೇ ಹೋದರೂ ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ ಪಡೆಯಿರಿ, ಅವೆರಡರ ಕೇಬಲ್‌ಗಳು ಒಂದೇ ಕಂಬ ಅಥವಾ ಒಂದೇ ಗುಂಡಿಯ ಮೂಲಕ ಬರುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ರಸ್ತೆ ಅಗೆದಾಗ ಎರಡೂ ಒಟ್ಟಿಗೆ ಹೋದರೆ ಎರಡನೆಯದಕ್ಕೆ ಹಣ ಕೊಟ್ಟು ಪ್ರಯೋಜನವಿಲ್ಲ. ಅಪ್‌ಲೋಡ್ ವೇಗವನ್ನು ಬೇರೆಯಾಗಿ ಕೇಳಿ ತಿಳಿದುಕೊಳ್ಳಿ. 2 ಟಿಬಿ ಡ್ರಾಯಿಂಗ್‌ಗಳನ್ನು 50 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಮೊದಲ ಬಾರಿ ಕಳಿಸಲು ಪೂರ್ಣ ವೇಗ ಸಿಕ್ಕರೂ ಸುಮಾರು 89 ಗಂಟೆ ಬೇಕು.

ಐದು ವರ್ಷದ ಲೆಕ್ಕ

ಹಣದ ಹೋಲಿಕೆಯನ್ನು ಐದು ವರ್ಷಕ್ಕೆ ಮಾಡಿ. ಸ್ವಂತ ಸರ್ವರ್‌ನ ಕಡೆ ಯಂತ್ರದ ಬೆಲೆಯ ಜೊತೆಗೆ ಆಪರೇಟಿಂಗ್ ಸಿಸ್ಟಂ ಲೈಸೆನ್ಸ್, ಪ್ರತಿ ಬಳಕೆದಾರರಿಗೂ ಬೇಕಾದ ಪ್ರವೇಶ ಲೈಸೆನ್ಸ್, ಐದು ವರ್ಷದ ವಾರಂಟಿ, ಹೊರಗಿನ ದಾಳಿ ತಡೆಯುವ ಫೈರ್‌ವಾಲ್ ಮತ್ತು ಅದರ ವಾರ್ಷಿಕ ಚಂದಾ, ಯುಪಿಎಸ್, ಮೂರು ನಾಲ್ಕು ವರ್ಷಕ್ಕೊಮ್ಮೆ ಅದರ ಬ್ಯಾಟರಿ, ಎಎಂಸಿ ಎಲ್ಲವೂ ಬರಬೇಕು. ಎಲ್ಲರೂ ಮರೆಯುವುದು ವಿದ್ಯುತ್ತನ್ನು. ಸರ್ವರ್, ನ್ಯಾಸ್ ಮತ್ತು ಸ್ವಿಚ್ ಸೇರಿ ಸದಾ 400 ವ್ಯಾಟ್ ಎಳೆಯುತ್ತವೆ ಎಂದುಕೊಂಡರೆ ವರ್ಷಕ್ಕೆ 3,504 ಯೂನಿಟ್ ಆಗುತ್ತದೆ. ಆ ಕೋಣೆಯ ಎಸಿ ಮತ್ತು ಯುಪಿಎಸ್ ನಷ್ಟಕ್ಕೆ ಅದರ ಅರ್ಧದಷ್ಟು ಸೇರಿಸಿದರೆ ಸುಮಾರು 5,250. ಯೂನಿಟ್‌ಗೆ 8 ರೂಪಾಯಿಯಂತೆ ವರ್ಷಕ್ಕೆ 42,000 ರೂಪಾಯಿ, ಐದು ವರ್ಷಕ್ಕೆ 2 ಲಕ್ಷ 10 ಸಾವಿರ. ನಿಮ್ಮ ಬಿಲ್‌ನ ನಿಜವಾದ ದರ ಹಾಕಿ ಇದನ್ನು ಮತ್ತೆ ಲೆಕ್ಕ ಮಾಡಿ.

ಕ್ಲೌಡ್‌ನ ಕಡೆ ಮೋಸಹೋಗುವ ಜಾಗಗಳು ಬೇರೆ. ಯಂತ್ರದ ಬಾಡಿಗೆ ಗಂಟೆಯ ಲೆಕ್ಕದಲ್ಲಿರುತ್ತದೆ, ತಿಂಗಳಿಗೆ ಸುಮಾರು 730 ಗಂಟೆ. ಲೆಕ್ಕ ವಿಭಾಗಕ್ಕೆ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ತಿಂಗಳಿಗೆ 26 ದಿನ ಸಾಕಾದರೆ 312 ಗಂಟೆ ಆಯಿತು. ಉಳಿದ ಹೊತ್ತು ಯಂತ್ರ ತಾನಾಗಿ ಆರುವಂತೆ ಮಾಡಿದರೆ ಬಾಡಿಗೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ಡಿಸ್ಕ್‌ನ ಬಾಡಿಗೆ ಯಂತ್ರ ಆರಿದ್ದಾಗಲೂ ಓಡುತ್ತಲೇ ಇರುತ್ತದೆ. ಹಗಲಿರುಳು ಬೇಕಾದ ಯಂತ್ರವಾದರೆ ಒಂದು ಅಥವಾ ಮೂರು ವರ್ಷದ ಬದ್ಧತೆ ಬರೆದುಕೊಟ್ಟು ರಿಯಾಯಿತಿ ಪಡೆಯಬಹುದು, ಆದರೆ ಕೆಲವು ತಿಂಗಳು ಓಡಿಸಿ ಎಷ್ಟು ಶಕ್ತಿಯ ಯಂತ್ರ ಸಾಕು ಎಂದು ತಿಳಿಯುವ ಮುನ್ನ ಆ ಬದ್ಧತೆಗೆ ಇಳಿಯಬಾರದು. ಡೇಟಾ ಒಳಗೆ ಕಳಿಸಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಗೆ ತರಲು ಒಂದು ಮಿತಿಯ ನಂತರ ಜಿಬಿ ಲೆಕ್ಕದಲ್ಲಿ ಶುಲ್ಕ ಇದೆ. ದಿನವೂ ದೊಡ್ಡ ಫೈಲ್‌ಗಳನ್ನು ಇಳಿಸಿಕೊಳ್ಳುವ ಉದ್ಯಮಕ್ಕೆ ಈ ಒಂದು ಸಾಲೇ ಬಿಲ್‌ನ ಸ್ವರೂಪ ಬದಲಿಸುತ್ತದೆ. ದರಪಟ್ಟಿ ಡಾಲರ್‌ನಲ್ಲಿದ್ದರೆ ರೂಪಾಯಿ ಇಳಿದಾಗಲೆಲ್ಲ ಬಿಲ್ ಏರುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಖಾತೆ ತೆರೆದ ದಿನವೇ, ಬಿಲ್ ಇಂತಿಷ್ಟು ಮುಟ್ಟಿದರೆ ಮಾಲೀಕರಿಗೂ ಲೆಕ್ಕ ವಿಭಾಗಕ್ಕೂ ಇಮೇಲ್ ಬರುವಂತೆ ಎಚ್ಚರಿಕೆಯ ಮಿತಿ ಹಾಕಿಸಿ.

ತೆರಿಗೆಯ ದೃಷ್ಟಿಯಿಂದ ಕ್ಲೌಡ್ ಬಾಡಿಗೆ ಆ ವರ್ಷದ ಖರ್ಚಾಗಿ ಪೂರ್ತಿ ಕಳೆಯುತ್ತದೆ. ಸರ್ವರ್ ಕೊಂಡರೆ ಆದಾಯ ತೆರಿಗೆಯಲ್ಲಿ ಉಳಿದ ಮೌಲ್ಯದ ಮೇಲೆ ವರ್ಷಕ್ಕೆ 40 ಪ್ರತಿಶತ ಸವಕಳಿ ಸಿಗುತ್ತದೆ, ಆದರೆ ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಎರಡರ ಮೇಲೂ ಜಿಎಸ್‌ಟಿ 18 ಪ್ರತಿಶತವೇ, ಅರ್ಹತೆ ಇದ್ದವರಿಗೆ ಎರಡರ ಜಮೆಯೂ ಸಿಗುತ್ತದೆ. ತೆರಿಗೆ ಒಂದಕ್ಕಾಗಿ ಒಂದು ಕಡೆ ವಾಲುವಷ್ಟು ವ್ಯತ್ಯಾಸ ಇಲ್ಲಿಲ್ಲ.

ನೋಡಿಕೊಳ್ಳುವವರು ಯಾರು

ಬೆಲೆಗಿಂತಲೂ ಮೊದಲು ನಾನು ಈ ಪ್ರಶ್ನೆಯನ್ನು ಇಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಸರ್ವರ್ ನಿಂತರೆ ಯಾರ ಫೋನ್ ಬಡಿದುಕೊಳ್ಳಬೇಕು? ಪ್ರತಿ ತಿಂಗಳು ಅಪ್‌ಡೇಟ್ ಹಾಕುವವರು ಯಾರು? ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚುವವರು ಯಾರು? ಇವಕ್ಕೆ ಒಂದು ಹೆಸರು ಬರೆಯಲು ಆಗದ ಉದ್ಯಮ ಸ್ವಂತ ಸರ್ವರ್ ಇಟ್ಟುಕೊಂಡರೆ, ಅದು ಎಷ್ಟೇ ಒಳ್ಳೆಯ ಯಂತ್ರವಾದರೂ ಕೆಲವೇ ವರ್ಷಗಳಲ್ಲಿ ಅಪಾಯದ ಗೂಡಾಗುತ್ತದೆ.

ಕ್ಲೌಡ್‌ಗೆ ಹೋದರೆ ಈ ಪ್ರಶ್ನೆ ಮಾಯವಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದು ಅರ್ಧ ನಿಜ ಮಾತ್ರ. ಬಾಡಿಗೆ ಯಂತ್ರ ಪಡೆದರೆ ಹಾರ್ಡ್‌ವೇರ್, ವಿದ್ಯುತ್, ತಂಪು ಅವರ ಹೊಣೆ. ಒಳಗಿನ ವಿಂಡೋಸ್, ಪಾಸ್‌ವರ್ಡ್, ಬ್ಯಾಕಪ್ ಎಲ್ಲ ನಿಮ್ಮದೇ. ಇಮೇಲ್‌ನಂಥ ಸಿದ್ಧ ಸೇವೆಯನ್ನು ಚಂದಾ ಕಟ್ಟಿ ಪಡೆದರೆ ಮಾತ್ರ ಆಪರೇಟಿಂಗ್ ಸಿಸ್ಟಂನ ಹೊರೆಯೂ ಇಳಿಯುತ್ತದೆ, ಅಲ್ಲೂ ಪಾಸ್‌ವರ್ಡ್ ಮತ್ತು ಎರಡನೇ ಹಂತದ ದೃಢೀಕರಣ ನಿಮ್ಮ ಕೈಯಲ್ಲೇ ಇರುತ್ತವೆ. ಕ್ಲೌಡ್ ಯಂತ್ರದ ರಿಮೋಟ್ ಡೆಸ್ಕ್‌ಟಾಪ್ ಬಾಗಿಲನ್ನು, ಅಂದರೆ 3389ನೇ ಪೋರ್ಟನ್ನು, ಇಡೀ ಇಂಟರ್ನೆಟ್‌ಗೆ ತೆರೆದಿಡುವುದು ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಆಹ್ವಾನ. ವಿಪಿಎನ್ ಎಂಬ ಸುರಕ್ಷಿತ ಖಾಸಗಿ ದಾರಿಯ ಮೂಲಕವಲ್ಲದೆ ಯಾರೂ ಒಳಗೆ ಬರದಂತೆ ಮಾಡಿ; ಹಾಗೆ ಮಾಡಿದರೆ ಬಳಕೆದಾರರಿಗೆ ತೊಂದರೆ ಎಂದು ಗೊಣಗುವ ಸೇವಾದಾರರನ್ನು ಬದಲಿಸಿ.

ಕಟ್ಟಡವನ್ನೂ ಒಮ್ಮೆ ನೋಡಿ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಭಾಗದ ಕಚೇರಿಗಳ ನೆಲಮಾಳಿಗೆಗಳಿಗೆ ನೀರು ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ನೆಲಮಾಳಿಗೆಯಲ್ಲಿ, ಶೌಚಾಲಯದ ಪೈಪ್ ಕೆಳಗೆ, ಇಲ್ಲವೇ ಎಸಿ ರಾತ್ರಿ ಆರುವ ಕೋಣೆಯಲ್ಲಿ ಮಾತ್ರ ಜಾಗವಿದೆ ಎಂದಾದರೆ ಸ್ವಂತ ಸರ್ವರ್‌ನ ಆಸೆ ಬಿಡುವುದು ಲೇಸು. ಬಾಡಿಗೆ ರ‍್ಯಾಕ್ ಪಡೆದು ನಿಮ್ಮ ಸರ್ವರನ್ನು ಬೇರೆಯವರ ಡೇಟಾ ಸೆಂಟರ್‌ನಲ್ಲಿಡುವ ಮೂರನೇ ದಾರಿಯೂ ಇದೆ, ಆದರೆ ಮೂವತ್ತು ಮಂದಿಯ ಕಚೇರಿಗೆ ಅದು ಎರಡೂ ಕಡೆಯ ಹೊರೆಯನ್ನು ಒಟ್ಟಿಗೆ ತರುತ್ತದೆ.

ಕಾನೂನು ಕೇಳುವುದೇನು

ಕಂಪನಿಯಾಗಿ ನೋಂದಣಿಯಾದ ಉದ್ಯಮವು ಲೆಕ್ಕಪತ್ರವನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟಿದ್ದರೆ, ಅದರ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇರಬೇಕು ಎಂದು 2014ರ ಕಂಪನಿ ಲೆಕ್ಕಪತ್ರ ನಿಯಮಗಳು ಹೇಳುತ್ತವೆ. ದಿನವೂ ಎಂಬುದು 2022ರ ಆಗಸ್ಟ್‌ನ ತಿದ್ದುಪಡಿಯಿಂದ ಬಂದದ್ದು. ಹೊರಗಿನ ಸೇವಾದಾರರು ಇದ್ದರೆ ಅವರ ಹೆಸರು, ಐಪಿ ವಿಳಾಸ, ಸ್ಥಳವನ್ನು ವರ್ಷಕ್ಕೊಮ್ಮೆ ಕಂಪನಿಗಳ ರಿಜಿಸ್ಟ್ರಾರ್‌ಗೆ ತಿಳಿಸಬೇಕು. 2023ರ ಏಪ್ರಿಲ್ 1ರಿಂದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯುವಂತಿರಬೇಕು, ಅದನ್ನು ಆರಿಸಲು ಆಗಬಾರದು. ಇವು ಯಾವುವೂ ಕ್ಲೌಡನ್ನು ತಡೆಯುವುದಿಲ್ಲ. ಅಮೆಜಾನ್‌ನ ಡೇಟಾ ಸೆಂಟರ್‌ಗಳು ಮುಂಬೈನಲ್ಲಿ 2016ರಿಂದ, ಹೈದರಾಬಾದ್‌ನಲ್ಲಿ 2022ರಿಂದ ಇವೆ. ಮೈಕ್ರೋಸಾಫ್ಟ್ ಪುಣೆ, ಚೆನ್ನೈ, ಮುಂಬೈಗಳಲ್ಲಿ 2015ರಲ್ಲೇ ಆರಂಭಿಸಿತು. ಗೂಗಲ್ ಮುಂಬೈ ಮತ್ತು ದೆಹಲಿಯಲ್ಲಿ ಇದೆ. ಆದರೆ ಖಾತೆ ತೆರೆದಾಗ ಅಮೆರಿಕದ ಪ್ರದೇಶ ಮೊದಲೇ ಆಯ್ಕೆಯಾಗಿರಬಹುದು. ಮೊದಲ ಯಂತ್ರ ಹುಟ್ಟಿಸುವ ಮುನ್ನ ಅದನ್ನು ಬದಲಿಸಬೇಕು.

ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು, ಅಂದರೆ ಯಂತ್ರದಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆಗಳನ್ನು, ಕಾಪಾಡಬೇಕು. ಸ್ವಂತ ಸರ್ವರ್ ಇದ್ದರೆ ಆ ಲಾಗ್‌ಗಳಿಗೆ ಜಾಗ ಎಲ್ಲಿ ಎಂದು ಇಂದೇ ಗೊತ್ತಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ನೌಕರರ ಮತ್ತು ಗ್ರಾಹಕರ ಮಾಹಿತಿಯ ಹೊಣೆ, ಅದನ್ನು ಬೇರೆಯವರ ಸರ್ವರ್‌ನಲ್ಲಿ ಇಟ್ಟಾಗಲೂ ನಿಮ್ಮದೇ ಆಗಿರುತ್ತದೆ. ತಕ್ಕ ಭದ್ರತೆ ಇಡದವರಿಗೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಬ್ಯಾಕಪ್ ಬೇರೆಯ ಕಡೆ

ಸರ್ವರ್ ಎಲ್ಲೇ ಇರಲಿ, ಬ್ಯಾಕಪ್ ಇನ್ನೊಂದು ಕಡೆ ಇರಬೇಕು. ಇದರಲ್ಲಿ ರಾಜಿ ಬೇಡ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಬೆಂಕಿಗೆ ಪೂರ್ತಿ ನಾಶವಾದಾಗ, ಬ್ಯಾಕಪ್ ಕೂಡ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ವ್ಯವಸ್ಥೆ ಗೂಗಲ್ ಕ್ಲೌಡ್‌ನಲ್ಲಿ ನಡೆದ ಒಂದು ಸೆಟ್ಟಿಂಗ್ ಪ್ರಮಾದದಿಂದ ಅಳಿಸಿಹೋಯಿತು.  ಇನ್ನೊಂದು ಕಂಪನಿಯ ಬಳಿ ಇಟ್ಟಿದ್ದ ಬೇರೆ ಬ್ಯಾಕಪ್ ಅವರ ಚೇತರಿಕೆಗೆ ನೆರವಾಯಿತು. ಸ್ವಂತ ಡೇಟಾ ಸೆಂಟರ್ ಇದ್ದವರ ಕಥೆಯೂ ಹೀಗೆಯೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿ, ಸರ್ಕಾರಿ ನೌಕರರ ಫೈಲ್‌ಗಳಿದ್ದ 858 ಟಿಬಿಯ ಸಂಗ್ರಹ ಹೊರಗಿನ ಪ್ರತಿಯಿಲ್ಲದೆ ನಾಶವಾಯಿತು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಹಳೆಯ ಕ್ರಮ ಇಂದಿಗೂ ಸಾಕು. ಅದರ ಜೊತೆಗೆ, ಒಂದು ಪ್ರತಿಯನ್ನು ನಿಗದಿತ ದಿನಗಳವರೆಗೆ ಯಾರೂ, ಅಡ್ಮಿನ್ ಕೂಡ, ಅಳಿಸಲಾಗದಂತೆ ಬೀಗ ಹಾಕಿಸಿ. ದೊಡ್ಡ ಕ್ಲೌಡ್ ಸಂಗ್ರಹಗಳಲ್ಲಿ ಈ ಸೌಲಭ್ಯ ಇದೆ, ರ‍್ಯಾನ್ಸಮ್‌ವೇರ್ ಎದುರು ಕೊನೆಗೆ ಉಳಿಯುವುದು ಅದೇ. ರೇಡ್ (ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲಿ ಜೊತೆಜೊತೆಗೇ ಬರೆಯುವ ಏರ್ಪಾಡು) ಇದೆ, ಆದ್ದರಿಂದ ಬ್ಯಾಕಪ್ ಬೇಡ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ, ತಪ್ಪಿ ಅಳಿಸಿದ ಫೋಲ್ಡರನ್ನು ಅದು ಎರಡೂ ಡಿಸ್ಕ್‌ಗಳಿಂದ ಒಟ್ಟಿಗೆ ಅಳಿಸುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಟ್ಯಾಲಿಯ ಒಂದು ಲೆಕ್ಕಪತ್ರವನ್ನು ಬೇರೆ ಯಂತ್ರದಲ್ಲಿ ತೆರೆದು, ಲೆಕ್ಕ ವಿಭಾಗದವರಿಂದಲೇ ಹಿಂದಿನ ದಿನದ ವೋಚರ್‌ಗಳು ಇವೆಯೇ ಎಂದು ನೋಡಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ.

ಮಾದರಿ ಕಂಪನಿಯ ತೀರ್ಮಾನ ಮತ್ತು ಸಾಗಣೆ

ಇಷ್ಟನ್ನೂ ಕೂಡಿಸಿದರೆ ಪೀಣ್ಯದ ಆ ಕಂಪನಿಗೆ ನಾನು ಹೇಳುವುದು ಹೀಗೆ. ಇಮೇಲ್ ಮತ್ತು ಕಚೇರಿ ದಾಖಲೆಗಳು ಸಿದ್ಧ ಸೇವೆಗೆ ಹೋಗಲಿ. ಟ್ಯಾಲಿ ಮತ್ತು ಇಆರ್‌ಪಿ ಮುಂಬೈ ಅಥವಾ ಹೈದರಾಬಾದ್‌ನ ಕ್ಲೌಡ್ ಯಂತ್ರದಲ್ಲಿ, ವಿಪಿಎನ್ ಹಿಂದೆ ಓಡಲಿ. ಅವುಗಳ ಒಂದು ಪ್ರತಿ ಪ್ರತಿ ರಾತ್ರಿ ಕಚೇರಿಯ ನ್ಯಾಸ್‌ಗೆ ಇಳಿಯಲಿ. ಡ್ರಾಯಿಂಗ್‌ಗಳು ಕಚೇರಿಯಲ್ಲೇ ಇರಲಿ, ಬದಲಾದ ಫೈಲ್‌ಗಳು ಪ್ರತಿ ರಾತ್ರಿ ಕ್ಲೌಡ್ ಸಂಗ್ರಹಕ್ಕೆ ಏರಲಿ. ಸಿಎನ್‌ಸಿ ಕಂಪ್ಯೂಟರ್ ಇದ್ದಲ್ಲೇ ಇದ್ದು, ಅದರ ಪಕ್ಕದಲ್ಲಿ ಅದೇ ಬಗೆಯ ಸಿದ್ಧಪಡಿಸಿದ ಇನ್ನೊಂದು ಕಂಪ್ಯೂಟರ್ ಕಾದಿರಲಿ. ಆಗ ಐದಾರು ಲಕ್ಷದ ಸರ್ವರ್ ಬದಲು ಒಂದು ಒಳ್ಳೆಯ ನ್ಯಾಸ್ ಸಾಕಾಗಬಹುದು. ಪೂರ್ಣಾವಧಿಯ ಇಬ್ಬರು ಅಡ್ಮಿನ್‌ಗಳು, ತಂಪಾದ ಒಣ ಕೋಣೆ, ವರ್ಷವಿಡೀ ಒಂದೇ ಮಟ್ಟದ ಕೆಲಸ ಇರುವ ದೊಡ್ಡ ಕಾರ್ಖಾನೆಗೆ ನನ್ನ ಉತ್ತರ ಬಹುಮಟ್ಟಿಗೆ ಸ್ವಂತ ಸರ್ವರ್ ಕಡೆಗೇ ವಾಲುತ್ತದೆ. ಆನ್‌ಲೈನ್ ಫೈಲ್ ಸಂಗ್ರಹದ ಕಂಪನಿ ಡ್ರಾಪ್‌ಬಾಕ್ಸ್ ತನ್ನ ಬಹುಪಾಲು ಸಂಗ್ರಹವನ್ನು ಅಮೆಜಾನ್‌ನಿಂದ ಸ್ವಂತ ಯಂತ್ರಗಳಿಗೆ ತಂದು ಎರಡು ವರ್ಷದಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿದ್ದು ಅಂಥ ಪ್ರಮಾಣ ಮತ್ತು ಅಂಥ ತಂಡ ಇದ್ದುದರಿಂದ.

ಸಹಿ ಹಾಕುವ ಮುನ್ನ ಹೊರಬರುವ ದಾರಿಯನ್ನೂ ಒಪ್ಪಂದದಲ್ಲಿ ಬರೆಸಿ. ಕ್ಲೌಡ್ ಖಾತೆ ಮಧ್ಯವರ್ತಿಯ ಹೆಸರಿನಲ್ಲಿರದೆ ನಿಮ್ಮ ಕಂಪನಿಯ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಬೇಕು. ಒಪ್ಪಂದ ಮುಗಿದರೆ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಎಷ್ಟು ಶುಲ್ಕಕ್ಕೆ ಮರಳುತ್ತದೆ ಎಂಬ ಸಾಲು ಅದರಲ್ಲಿರಬೇಕು. ಒಬ್ಬ ಮಾರಾಟಗಾರರಿಗೇ ಕಟ್ಟುಬೀಳುವ ಈ ಬಂಧನದಿಂದ ಸ್ವಂತ ಸರ್ವರ್ ಇದ್ದವರೂ ಮುಕ್ತರಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು, ಒಂದೇ ಯಂತ್ರದಲ್ಲಿ ಹಲವು ಸರ್ವರ್‌ಗಳನ್ನು ಓಡಿಸುವ ತಂತ್ರಾಂಶದ ವಿಎಂವೇರ್ ಕಂಪನಿಯನ್ನು ಕೊಂಡ ಕೂಡಲೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಹೋದದ್ದರಿಂದ ಅನೇಕರ ಲೆಕ್ಕಾಚಾರ ಬುಡಮೇಲಾಯಿತು.

ಸಾಗಣೆಯನ್ನು ತಿಂಗಳ 21ರ ನಂತರ ಆರಂಭಿಸಿ, ಒಂದು ಸಲಕ್ಕೆ ಒಂದೇ ಕೆಲಸವನ್ನು ಒಯ್ಯಿರಿ. ಮೊದಲು ಇಮೇಲ್, ಅದು ನೆಲೆನಿಂತ ಮೇಲೆ ಟ್ಯಾಲಿ, ಕೊನೆಗೆ ಇಆರ್‌ಪಿ. ಟ್ಯಾಲಿ ಹೊಸ ಜಾಗಕ್ಕೆ ಹೋದ ದಿನದಿಂದ ಹಳೆಯ ಸರ್ವರ್‌ನಲ್ಲಿ ಅದನ್ನು ಓದಲು ಮಾತ್ರ ಬರುವಂತೆ ಮಾಡಿ, ಇಲ್ಲದಿದ್ದರೆ ಯಾರೋ ಒಬ್ಬರು ಅಭ್ಯಾಸಬಲದಿಂದ ಹಳೆಯದರಲ್ಲೇ ವೋಚರ್ ದಾಖಲಿಸಿ ಎರಡು ಲೆಕ್ಕಗಳು ಹುಟ್ಟಿಕೊಳ್ಳುತ್ತವೆ. ಹಳೆಯ ಸರ್ವರನ್ನು ಆರಿಸುವುದು ಒಂದು ಪೂರ್ತಿ ತಿಂಗಳ ಮುಕ್ತಾಯ, ಒಂದು ಸಂಬಳ ವಿತರಣೆ ಮತ್ತು ಒಂದು ಸುತ್ತಿನ ಜಿಎಸ್‌ಟಿ ಸಲ್ಲಿಕೆ ಹೊಸ ಜಾಗದಿಂದ ನಡೆದ ಮೇಲೆ. ಆನಂತರವೂ ಅದನ್ನು ಗುಜರಿಗೆ ಕೊಡುವ ಮುನ್ನ ಡಿಸ್ಕ್‌ಗಳನ್ನು ಹೊರತೆಗೆದು, ಪೂರ್ತಿ ಅಳಿಸಿ ಅಥವಾ ರಂಧ್ರ ಕೊರೆಸಿ, ಪ್ರತಿ ಡಿಸ್ಕ್‌ನ ಕ್ರಮಸಂಖ್ಯೆಯನ್ನು ಸ್ವತ್ತಿನ ರಿಜಿಸ್ಟರ್‌ನಲ್ಲಿ ಬರೆದು, ಆ ಕೆಲಸ ಮಾಡಿದವರಿಂದ ಸಹಿ ಹಾಕಿಸಿಕೊಳ್ಳಿ.